ಬಾಯಿ ಬಿಟ್ಟ ಬೀಗ

ಎರಡು ಗುಂಡಿ, ಎರಡು ಚಿತ್ರ:
ಒಂದು ಬಾಯಿ ಮುಚ್ಚಿದ ಬೀಗ, ಒಂದು ಬಾಯಿ ಬಿಟ್ಟ ಬೀಗ.
ದಿನಕ್ಕೆ ಹತ್ತು ಸಲ ಒತ್ತುತ್ತಿದ್ದೆ,
ಚಿತ್ರ ಅಂತ ನೋಡಿರಲಿಲ್ಲ.

ಮಲ್ಲೇಶ್ವರ, ಎಂಟನೇ ಕ್ರಾಸು, ಏಪ್ರಿಲ್ಲಿನ ಹನ್ನೊಂದು ಗಂಟೆ.
ಬೆಲ್ಟು ಬಿಗಿಯುವಾಗ ಇಂಚರಳದು ಒಂದೇ ರಂಪ.
ಸುಮ್ಮನಾಗಲಿ ಅಂತ ಕೊಟ್ಟೆ ಕೀ ಗೊಂಚಲು,
ಅದರ ತುದಿಯ ಮರದ ಗಿಳಿಗೆ
ಅವಳ ಮೊದಲ ಹಲ್ಲಿನ ಗುರುತು ಇನ್ನೂ ಇದೆ.
ಬಾಗಿಲು ಹಾಕಿದೆ.
ಡಿಕ್ಕಿಗೆ ಬದನೆಕಾಯಿ ಚೀಲ ಇಡಲು
ಹಿಂದಕ್ಕೆ ನಾಲ್ಕು ಹೆಜ್ಜೆ.

ಟಿಕ್.

ಕನ್ನಡಿಗಳೆರಡೂ ಕಿವಿ ಮಡಚಿಕೊಂಡವು
ಬೈಸಿಕೊಂಡ ನಾಯಿಯ ಹಾಗೆ.
ಪರ್ಸು ಒಳಗೆ. ಫೋನು ಒಳಗೆ.
ಇನ್ನೊಂದು ಕೀ ನಾಗರಬಾವಿಯಲ್ಲಿ, ದೇವರ ಗೂಡಿನಲ್ಲಿ,
ಆಪತ್ತಿಗಿರಲಿ ಅಂತ ಅಷ್ಟು ಜೋಪಾನ.

ಗಾಜಿಗೆ ಮೂಗೊತ್ತಿ ಕೂಗಿದೆ:
ಇನ್ನೊಂದು ಗುಂಡಿ ಕಂದಾ, ಬಾಯಿ ಬಿಟ್ಟಿದೆಯಲ್ಲ, ಅದು!
ಅವಳು ಬಾಯಿ ಬಿಟ್ಟಳು. ಅಗಲವಾಗಿ, ಆ ಎಂದು,
ಹಲ್ಲಿನ ಡಾಕ್ಟರಿಗೆ ತೋರಿಸುವ ಹಾಗೆ.
ನಕ್ಕಳು. ಒತ್ತಿದಳು.
ಟಿಕ್. ಅದೇ. ಮತ್ತೂ ಟಿಕ್. ಅದೇ.

ಜನ ಸೇರಿದರು. ಬಟ್ಟೆ ಅಂಗಡಿಯವನೊಬ್ಬ ಸ್ಕೇಲು ತಂದ.
ಶೇಷಾದ್ರಿಪುರದಲ್ಲಿ ಜಬ್ಬಾರ್ ಅಂತ ಇದಾನೆ,
ಎಂಥಾ ಬೀಗವಾದರೂ ಸರಿ, ಅರ್ಧ ಗಂಟೇಲಿ ಬರ್ತಾನೆ ಅಂದರು.
ಅರ್ಧ ಗಂಟೆ.
ಒಳಗೆ ಅವಳ ಹಣೆಗೂದಲು ಅಂಟಿಕೊಳ್ಳುತ್ತಿತ್ತು.
ನಗು ಯಾವಾಗಲೋ ನಿಂತಿತ್ತು.
ಗಿಳಿ ಕೈಜಾರಿ ಬಿತ್ತು, ಕೀ ಸಮೇತ, ಸೀಟಿನಡಿಗೆ.

ಎಳನೀರು ಗಾಡಿಯ ಹೊನ್ನಗಂಗಮ್ಮ
ಗುಂಪನ್ನು ಸರಿಸಿ ನನ್ನೊಬ್ಬಳನ್ನೇ ಕೇಳಿದಳು:
ಒಡೀಲೇನವ್ವಾ?
ಮಚ್ಚನ್ನು ತಿರುವಿ ಹಿಡಿದಿದ್ದಳು, ಬೆನ್ನು ಮುಂದಾಗಿ.

ಹೇಳಬೇಕಾದ ಮಾತು ಇರುವುದು ಇಲ್ಲಿ.
ನಾನು ತಕ್ಷಣ ಹೂಂ ಅನ್ನಲಿಲ್ಲ.
ಹೊಸ ಗಾಡಿ. ಇನ್ನೂ ನಲವತ್ತೆರಡು ಕಂತು.
ಗಾಜಿಗೆ ಎಷ್ಟಾದೀತು ಅಂತ ತಲೆ,
ತನ್ನಷ್ಟಕ್ಕೆ ತಾನೇ, ಕೂಡತೊಡಗಿತು.
ಎಷ್ಟು ಹೊತ್ತು? ಒಂದು ಉಸಿರು. ಎರಡಿರಬಹುದು.
ಹೊನ್ನಗಂಗಮ್ಮ ನನ್ನ ಮುಖ ಓದಿಕೊಂಡು
ಆಚೆ ಬದಿಗೆ ನಡೆದಳು,
ಮಗುವಿಗೆ ದೂರದ ಮುಂದಿನ ಕಿಟಕಿ,
ಅದರ ಮೂಲೆಗೆ ಒಂದೇ ಏಟು.
ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಗಾಜು.
ಆಮೇಲೆ ಗಾಡಿ ಬಾಯಿ ಬಡಿದುಕೊಂಡಿತು,
ನಮ್ಮೆಲ್ಲರಿಗಿಂತ ತಡವಾಗಿ.

ಎರಡು ಎಳನೀರಿಗೆ ದುಡ್ಡು ಇಸಕೊಂಡಳು.
ಏಟಿಗೆ ಬೇಡವೆಂದಳು.

ಈಗ ಕೀ ನನ್ನ ಸೊಂಟದಲ್ಲಿ,
ಅಜ್ಜಿ ಉಗ್ರಾಣದ ಬೀಗದಕೈ ಸಿಕ್ಕಿಸುತ್ತಿದ್ದ ಜಾಗದಲ್ಲಿ.
ಅವಳು ಒಳಗಿದ್ದರೆ ಒಂದು ಬಾಗಿಲು ತೆರೆದೇ ಇರುತ್ತದೆ.
ಹೊರಡುವ ಮುಂಚೆ ಹಿಂದಿನ ಬಾಗಿಲಂಚಿನ ಪುಟ್ಟ ಚಿಲಕವನ್ನು
ಬೆರಳು ತಾನೇ ಹುಡುಕಿಕೊಂಡು ಹೋಗುತ್ತದೆ.
ಇಳಿದ ಮೇಲೆ ಹಿಂದಿನ ಸೀಟು ನೋಡುತ್ತೇನೆ,
ಮಗು ಕಂಕುಳಲ್ಲೇ ಇದ್ದರೂ.
ಭಾನುವಾರ ಬೇಸ್‌ಮೆಂಟಿನಲ್ಲಿ ಹಾರನ್ ಒತ್ತಲು ಕಲಿಸಿದೆ,
ಅಂಗೈಗೆ ಬಗ್ಗದಿದ್ದರೆ ಅದರ ಮೇಲೇ ಕೂತುಬಿಡು ಅಂತ.
ವಾಚ್‌ಮನ್ ಬೈದ. ಬೈಯಲಿ.

ನಿರಂಜನನಿಗೆ ಹೇಳಿದ್ದು: ಹುಡುಗರ ಕ್ರಿಕೆಟ್ ಚೆಂಡು.
ಅವನು ನಂಬಿದ.
ಇಂಚರ ಮಾತ್ರ ಊಟಕ್ಕೆ ಕೂತಾಗ ಒಮ್ಮೊಮ್ಮೆ
ಅಜ್ಜಿ ಢಂ, ಅನ್ನುತ್ತಾಳೆ.
ಯಾವ ಅಜ್ಜಿ ಪುಟ್ಟಾ, ಅಂತ ಕೇಳುತ್ತಾನೆ ಅವನು.
ಅವಳು ನನ್ನ ಕಡೆ ತಿರುಗಿ
ಆ ಎಂದು ಬಾಯಿ ಅಗಲಿಸಿ ಕಾಯುತ್ತಾಳೆ.

ತುತ್ತಿಗೆ ಅಂದುಕೊಳ್ಳುತ್ತಾನೆ ಅವನು.